ಮಾಳವ್ವನ ಕಾರ್ಡು ಮತ್ತು ನನ್ನ ಹೊಟ್ಟೆಕಿಚ್ಚು

೧೯೫೫ರಲ್ಲಿ ನಾನು ಸೊಲ್ಲಾಪುರದ ಒಂದು ಕ್ಷಯರೋಗ ಚಿಕಿತ್ಸಾಲಯದಲ್ಲಿ ಸಹಾಯಕ ವೈದ್ಯಾಧಿಕಾರಿಯಾಗಿದ್ದೆ. ನನಗಾಗ ಇಪ್ಪತ್ತೊಂಬತ್ತು ವರ್ಷ. ಬಟ್ಟೆ ಗಿರಣಿಗಳ ಊರು ಅದು. ಹತ್ತಿಯ ಧೂಳು ಕುಡಿದು ದುಡಿಯುವ ಗಂಡಸರು, ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರು, ಒಂದೇ ಖೋಲಿಯಲ್ಲಿ ಏಳೆಂಟು ಜನ ಮಲಗುವ ಚಾಳುಗಳು. ಕ್ಷಯಕ್ಕೆ ಇನ್ನೇನು ಬೇಕು? ಬೆಳಿಗ್ಗೆ ಎಂಟಕ್ಕೆ ನಾವು ಬಾಗಿಲು ತೆಗೆಯುವ ಹೊತ್ತಿಗೆ ಕೆಮ್ಮುವವರ ಸಾಲು ರಸ್ತೆಯವರೆಗೆ ಬಂದಿರುತ್ತಿತ್ತು.

ಅದೇ ಜಿಲ್ಲೆಯ ಅಕ್ಕಲಕೋಟದ ದವಾಖಾನೆಯಲ್ಲಿ ನನ್ನ ಸಹಪಾಠಿ ವಸಂತ ಕುಲಕರ್ಣಿ ಇದ್ದ. ಕಾಲೇಜಿನಲ್ಲಿ ಐದು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಪರೀಕ್ಷೆಗಳಲ್ಲಿ ನಾನು ಪ್ರತಿಸಲ ಅವನಿಗಿಂತ ಮುಂದಿರುತ್ತಿದ್ದೆ. ಈ ಮಾತನ್ನು ಇಲ್ಲಿ ಹೇಳುವ ಅಗತ್ಯವೇ ಇಲ್ಲ. ಇಷ್ಟು ವರ್ಷಗಳಾದ ಮೇಲೂ ಹೇಳದೆ ಇರಲಾಗಲಿಲ್ಲ ಎಂಬುದರಿಂದ ನನ್ನ ರೋಗ ಎಂಥದ್ದೆಂದು ಓದುಗರು ಊಹಿಸಿಕೊಳ್ಳಬಹುದು.

ಕ್ಷಯಕ್ಕೆ ಆಗಷ್ಟೇ ಹೊಸ ಔಷಧಗಳು ಬಂದಿದ್ದವು. ಅದಕ್ಕೂ ಮೊದಲು ಚಿಕಿತ್ಸೆಯೆಂದರೆ ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ಉಳಿದದ್ದು ಹಣೆಬರಹ. ಈಗ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಇತ್ತು, ಐಸೋನಿಯಾಜಿಡ್ ಎಂಬ ಸಣ್ಣ ಬಿಳಿ ಗುಳಿಗೆ ಇತ್ತು, ಜೊತೆಗೆ ಪಿ.ಎ.ಎಸ್. ಎಂಬ ಹೊಟ್ಟೆ ತೊಳಸುವ ಔಷಧ. ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದವು. ತೊಂದರೆ ಏನೆಂದರೆ, ಎರಡು ತಿಂಗಳಿಗೆಲ್ಲ ಕೆಮ್ಮು ನಿಂತು ಮೈಗೆ ತೂಕ ಬರುತ್ತಿತ್ತು, ವಾಸಿಯಾಯಿತೆಂದು ರೋಗಿ ಔಷಧ ಬಿಡುತ್ತಿದ್ದ. ಎದೆಯಲ್ಲಿ ಅಳಿದುಳಿದ ರೋಗಾಣುಗಳು ಅಷ್ಟರಲ್ಲಿ ಔಷಧಕ್ಕೆ ಒಗ್ಗಿಕೊಂಡು, ಮರಳಿ ಹೆಚ್ಚಿದಾಗ ಅದೇ ಗುಳಿಗೆಗೆ ಜಗ್ಗುತ್ತಿರಲಿಲ್ಲ. ಇದನ್ನು ನಾವು ರೆಸಿಸ್ಟೆನ್ಸ್ ಎನ್ನುತ್ತೇವೆ. ವರ್ಷಕ್ಕೂ ಮೇಲ್ಪಟ್ಟು ಒಂದು ದಿನವೂ ತಪ್ಪದಂತೆ ಔಷಧ ನುಂಗಿಸುವುದೇ ನಮ್ಮ ನಿಜವಾದ ಕೆಲಸವಾಗಿತ್ತು.

ನನ್ನ ರೋಗಿಗಳು ತಪ್ಪುತ್ತಿದ್ದರು. ವಸಂತನ ರೋಗಿಗಳು ತಪ್ಪುತ್ತಿರಲಿಲ್ಲ. ತಿಂಗಳ ವರದಿ ನೋಡಿ ನಮ್ಮ ಮೇಲಧಿಕಾರಿ ಸಾಹೇಬರು ಪ್ರತಿಸಲ ಒಂದೇ ಮಾತು ಹೇಳುತ್ತಿದ್ದರು: ಕುಲಕರ್ಣಿಯವರನ್ನು ನೋಡಿ ಕಲಿಯಿರಿ. ನಾನು ತಲೆಯಾಡಿಸಿ ಹೊರಗೆ ಬರುತ್ತಿದ್ದೆ. ಎಕ್ಸ್-ರೇ ಯಂತ್ರ ನನ್ನಲ್ಲಿತ್ತು, ಸೂಕ್ಷ್ಮದರ್ಶಕ ನನ್ನಲ್ಲಿತ್ತು, ಪುಸ್ತಕಗಳು ನನ್ನಲ್ಲಿದ್ದವು. ಹಣೆಗೆ ಗಂಧ ಹಚ್ಚಿಕೊಂಡು, ಗುರುವಾರ ಆ ಊರಿನ ಸ್ವಾಮಿಗಳ ಗುಡಿಗೆ ಹೋಗಿ ಬಂದು ದವಾಖಾನೆ ತೆರೆಯುವ ಈ ಮನುಷ್ಯ ನನ್ನನ್ನು ಹಿಂದೆ ಹಾಕುವುದೆಂದರೇನು? ಹೊಟ್ಟೆ ಉರಿಯುತ್ತಿತ್ತು. ನಾನು ದೇವರನ್ನು ಬಿಟ್ಟವನು, ಅದನ್ನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದವನು. ವಸಂತನ ಜೊತೆಗೆ ಅವನ ದೇವರ ಮೇಲೂ ನನಗೆ ಸಿಟ್ಟಿತ್ತು.

ಆ ವರ್ಷ ಸಾಹೇಬರ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ದೇವರನ್ನು ನಂಬುವ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೋ, ನಂಬದವನೋ, ಅಥವಾ ಎರಡಕ್ಕೂ ಸಂಬಂಧವೇ ಇಲ್ಲವೋ? ಸೊಲ್ಲಾಪುರ ಮತ್ತು ಅಕ್ಕಲಕೋಟ ಎರಡೂ ಕಡೆಯ ರೋಗಿಗಳಿಂದ ಒಂದು ಫಾರ್ಮು ತುಂಬಿಸಿ ತಾಳೆ ನೋಡಬೇಕೆಂದರು. ಫಾರ್ಮಿನ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. ಮುಂದಿನ ವರ್ಷ ಮುಂಬಯಿಯಲ್ಲಿ ಎದೆರೋಗದ ಡಿಪ್ಲೊಮಾಕ್ಕೆ ನಮ್ಮ ಜಿಲ್ಲೆಯಿಂದ ಒಬ್ಬರನ್ನು ಕಳಿಸಲು ಅವಕಾಶವಿದೆ, ಯಾರ ಕೆಲಸ ಚೆನ್ನಾಗಿದೆಯೋ ಅವರ ಹೆಸರು ಹೋಗುತ್ತದೆ. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. 'ನಿಮಗೆ ದೇವರಲ್ಲಿ ನಂಬಿಕೆ ಇದೆಯೇ' ಎಂದು ಬರೆದರೆ ನಮ್ಮ ಕಡೆಯ ಜನಕ್ಕೆ ಅದು ಪುಸ್ತಕದ ಮಾತು. ನಮ್ಮವರು ದೇವರನ್ನು ನಂಬುತ್ತೇವೆ ಎನ್ನುವುದಿಲ್ಲ, ದೇವರಿಗೆ 'ನಡಕೋತೇವಿ' ಎನ್ನುತ್ತಾರೆ. ಬೀರಪ್ಪಗ ನಡಕೋತೇವಿ, ಮೈಲಾರಲಿಂಗಗ ನಡಕೋತೇವಿ. ಅಂದರೆ ಆ ದೇವರ ವಾರ ಹಿಡಿಯುವುದು, ಹಬ್ಬ ಮಾಡುವುದು, ಎಡೆ ಕೊಡುವುದು. ಹಾಗಾಗಿ 'ದೇವರಿಗೆ ನಡಕೋತೀರೇನು? ಹೌದು / ಇಲ್ಲ' ಎಂದು ಬರೆದೆ. ಜನರ ನಾಲಿಗೆಯ ಮಾತನ್ನೇ ಹಿಡಿದೆ ಎಂದು ನನಗೆ ಬಹಳ ಹೆಮ್ಮೆಯಾಯಿತು. ವಸಂತನಿಗೆ ಇದು ಹೊಳೆಯುತ್ತಿರಲಿಲ್ಲ ಎಂದೂ ಅಂದುಕೊಂಡೆ.

ಎರಡು ತಿಂಗಳು ಫಾರ್ಮು ತುಂಬಿಸಿದೆ. ನನ್ನ ಕಡೆ 'ಇಲ್ಲ' ಎಂದವರು ಹತ್ತೊಂಬತ್ತು ಜನ ಸಿಕ್ಕರು. ಗಿರಣಿಯ ಊರು, ತಿಳಿವಳಿಕೆ ಬರುತ್ತಿದೆ, ನನ್ನಂಥವರು ಹೆಚ್ಚುತ್ತಿದ್ದಾರೆ ಎಂದು ಬೀಗಿದೆ. ಆದರೆ ಈ ಹತ್ತೊಂಬತ್ತು ಜನರ ಎಕ್ಸ್-ರೇ ತೆಗೆದು ನೋಡಿದರೆ ಉಳಿದವರಿಗಿಂತ ಎದೆ ಹೆಚ್ಚು ಕೆಟ್ಟಿತ್ತು, ಚೇತರಿಕೆಯೂ ನಿಧಾನ. ದೇವರನ್ನು ಬಿಟ್ಟವರಿಗೇ ಹೀಗೆ! ಈ ಫಲಿತಾಂಶ ಹಿಡಿದುಕೊಂಡು ವಸಂತನೆದುರು ನಿಲ್ಲುವುದನ್ನು ನೆನೆದೇ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಆ ಹತ್ತೊಂಬತ್ತರಲ್ಲಿ ಒಬ್ಬಳು ಮಾಳವ್ವ. ಮೂವತ್ತರ ಆಸುಪಾಸಿನ ಬೀಡಿ ಕಟ್ಟುವ ಹೆಂಗಸು. ಗಂಡ ನಂದೇಶ್ವರ ಎಂಬ ಹಳ್ಳಿಯಿಂದ ಗಿರಣಿ ಕೆಲಸಕ್ಕೆ ಬಂದವನಂತೆ, ಈಗ ಇಲ್ಲ. ನಾನು ಫಾರ್ಮು ಹಿಡಿದು, "ಏನವ್ವ, ದೇವರಿಗೆ ನಡಕೋತಿಯೇನು?" ಎಂದು ಕೇಳಿದ್ದೆ. "ಇಲ್ರಿ ಸಾಹೇಬ್ರ, ಈಗ ನಡಕೊಳ್ಳಂಗಿಲ್ರಿ" ಎಂದಿದ್ದಳು. 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. 'ಈಗ' ಎಂಬ ಮಾತು ಕಿವಿಗೆ ಬಿದ್ದಿತ್ತು, ಆದರೆ ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ.

ನನ್ನ 'ಇಲ್ಲ'ದವರಲ್ಲಿ ಚೆನ್ನಾಗಿ ಚೇತರಿಸಿಕೊಂಡವಳು ಆಕೆಯೊಬ್ಬಳೇ. ಮೂರನೆಯ ತಿಂಗಳಲ್ಲಿ ಕಫದಲ್ಲಿ ರೋಗಾಣು ಕಾಣಲಿಲ್ಲ, ತೂಕವೂ ಏರಿತ್ತು. ನನ್ನ ಪಾಲಿಗೆ ಆಕೆ ರೋಗಿಯಾಗಿ ಉಳಿದಿರಲಿಲ್ಲ, ದೇವರನ್ನು ಬಿಟ್ಟವರೂ ಗುಣವಾಗುತ್ತಾರೆ ಎಂಬುದಕ್ಕೆ ಪುರಾವೆಯಾಗಿದ್ದಳು. ಅಂಥ ಹೊತ್ತಿನಲ್ಲಿ ಒಂದು ದಿನ ಬಂದು ಹೇಳಿದಳು:

"ಸಾಹೇಬ್ರ, ನಾ ತವರಮನಿಗೆ ಹೊಂಟೀನ್ರಿ, ಅಕ್ಕಲಕೋಟಕ್ಕ. ಅವ್ವ ಒಬ್ಬಾಕಿ ಅದಾಳ, ನನ್ನ ನೋಡ್ಕೋತಾಳ. ಅಲ್ಲಿ ದವಾಖಾನಿಗೆ ಚೀಟಿ ಬರದು ಕೊಡ್ರಿ."

ಚೀಟಿ ಎಂದರೆ ಚಿಕಿತ್ಸೆಯ ಕಾರ್ಡು. ಯಾವ ಔಷಧ, ಎಷ್ಟು ದಿನ ಕೊಟ್ಟಿದೆ, ಕಫ ಪರೀಕ್ಷೆ ಏನು ಹೇಳಿದೆ, ಎಲ್ಲ ಅದರಲ್ಲಿರುತ್ತಿತ್ತು. ಕಾರ್ಡು ನಮ್ಮಲ್ಲೇ ಇರುವುದು, ರೋಗಿ ಊರು ಬಿಟ್ಟರೆ ನಾವು ಸಹಿ ಹಾಕಿ ಅಲ್ಲಿಯ ದವಾಖಾನೆಗೆ ಕಳಿಸುವುದು ಪದ್ಧತಿ. ಔಷಧ ಸರಬರಾಜಾಗುತ್ತಿದ್ದದ್ದೇ ಕಾರ್ಡಿನ ಎಣಿಕೆಯ ಮೇಲೆ. ಕಾರ್ಡಿಲ್ಲದವರಿಗೆ ಕೊಡಲು ಯಾವ ದವಾಖಾನೆಯಲ್ಲೂ ಔಷಧವಿರುತ್ತಿರಲಿಲ್ಲ.

ನಾನು ಏನು ಮಾಡಿದೆನೆಂದು ಬಿಚ್ಚಿ ಹೇಳುತ್ತೇನೆ. ಆಕೆಯ ಕಾರ್ಡು ನನ್ನ ಮುಂದೆಯೇ, ಬೇರೆ ಕಾರ್ಡುಗಳ ಕೆಳಗೆ ಇತ್ತು. "ಕಾರ್ಡು ಸಿಗವಲ್ದವ್ವ. ಹುಡುಕಿ ಕಳಸ್ತೀನಿ, ನೀ ಹೋಗು" ಎಂದು ಎರಡು ವಾರದ ಗುಳಿಗೆ ಕೊಟ್ಟು ಕಳಿಸಿದೆ. ಆಕೆ ಹೋದ ಮೇಲೆ ಕಾರ್ಡನ್ನು ಮೇಜಿನ ಡ್ರಾಯರಿನಲ್ಲಿಟ್ಟೆ. ನನ್ನ ಕೈಯಲ್ಲಿ ಗುಣವಾದ ಹೆಂಗಸು ವಸಂತನ ಲೆಕ್ಕಕ್ಕೆ ಸೇರುವುದು ನನಗೆ ಬೇಡವಾಗಿತ್ತು. ಔಷಧ ಮುಗಿದ ಮೇಲೆ ತಾನಾಗಿಯೇ ನನ್ನ ಹತ್ತಿರ ಬರುತ್ತಾಳೆ, ರೈಲಿನಲ್ಲಿ ಎಷ್ಟು ಮಹಾ ಹೊತ್ತಿನ ದಾರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಕೆ ಬರಲಿಲ್ಲ. ವಸಂತನ ಪತ್ರ ಬಂತು: ಮಾಳವ್ವ ಎಂಬಾಕೆ ಬಂದಿದ್ದಾಳೆ, ಕಾರ್ಡು ಕಳಿಸು. ನಾನು ಉತ್ತರ ಬರೆಯಲಿಲ್ಲ. ಎರಡನೆಯ ಪತ್ರ ಬಂತು. ಅದನ್ನೂ ಡ್ರಾಯರಿನಲ್ಲಿಟ್ಟೆ. ಅದೇ ಹೊತ್ತಿಗೆ ಅವನ ಫಾರ್ಮುಗಳ ಕಟ್ಟು ಸಾಹೇಬರ ಕಚೇರಿಯಿಂದ ನನ್ನ ಕೈಗೆ ಬಂತು, ಎರಡೂ ಕಡೆಯ ಲೆಕ್ಕ ಕೂಡಿಸಲು. ನೋಡುತ್ತೇನೆ, ದೇವರಿಗೆ ನಡಕೊಳ್ಳುವ ಪ್ರಶ್ನೆಯ ಮುಂದೆ ಅವನು ಯಾರಿಗೂ 'ಹೌದು' ಎಂದಾಗಲಿ 'ಇಲ್ಲ' ಎಂದಾಗಲಿ ಗುರುತು ಹಾಕಿಯೇ ಇರಲಿಲ್ಲ. ಅದರ ಬದಲು ಸೋಮವಾರ, ಗುರುವಾರ, ರವಿವಾರ ಎಂದು ವಾರಗಳ ಹೆಸರು ಬರೆದಿದ್ದ. ಸಿಕ್ಕಿಬಿದ್ದ ಎಂದು ಖುಷಿಯಾಯಿತು. ಇವನು ಕುಳಿತಲ್ಲೇ ಏನೇನೋ ತುಂಬಿದ್ದಾನೆ, ಇವನ ವರದಿಗಳೂ ಹೀಗೆಯೇ ಇರಬೇಕು, ಹೋಗಿ ಮುಖಕ್ಕೆ ಹಿಡಿದು ಕೇಳುತ್ತೇನೆ ಎಂದು ಒಂದು ರವಿವಾರ ಬೆಳಗಿನ ಪ್ಯಾಸೆಂಜರ್ ಹತ್ತಿದೆ.

ಹೋಟಗಿ ಸ್ಟೇಷನ್ ದಾಟುವಾಗಲೇ ಅವನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಇಳಿದು ಟಾಂಗಾ ಹಿಡಿದು ಊರು ಸೇರಿದಾಗ ಒಂಬತ್ತೂವರೆ. ರವಿವಾರವಾದರೂ ದವಾಖಾನೆ ತೆರೆದಿತ್ತು. ಕಟ್ಟೆಯ ಮೇಲೆ ಕಂಬಳಿ ಹೊದ್ದ ಕುರುಬರು, ಅವರ ಹೆಂಗಸರು, ಹಣೆಯ ತುಂಬ ಭಂಡಾರದ ಅರಿಸಿನ. ರವಿವಾರ ಬೀರಪ್ಪನ ವಾರ. ಅವರೆಲ್ಲ ಬೆಳಿಗ್ಗೆ ಗುಡಿಗೆ ಹೋಗಿ, ನೇರವಾಗಿ ಇಲ್ಲಿಗೆ ಬಂದು ವಾರದ ಗುಳಿಗೆ ತೆಗೆದುಕೊಂಡು ಹೋಗುವವರು. ನನಗೆ ಆಗ ಅರ್ಥವಾಯಿತು. ವಸಂತ ಪ್ರತಿಯೊಬ್ಬರಿಗೂ ಅವರವರ ದೇವರ ವಾರವನ್ನೇ ಔಷಧದ ದಿನ ಮಾಡಿದ್ದ. ಅವನ ಫಾರ್ಮಿನಲ್ಲಿದ್ದ ವಾರಗಳು ಅವೇ. ಜನ ಗುಡಿ ತಪ್ಪಿಸುತ್ತಿರಲಿಲ್ಲ, ಆದ್ದರಿಂದ ಗುಳಿಗೆಯೂ ತಪ್ಪುತ್ತಿರಲಿಲ್ಲ. ಕೆಂಪು ಬಾವುಟದ ಗಿರಣಿ ಕಾರ್ಮಿಕನೊಬ್ಬನಿದ್ದ, ದೇವರೆಂದರೆ ನಗುವವನು. ಅವನು ಶನಿವಾರ ತನ್ನ ಯೂನಿಯನ್ನಿನ ಸಭೆ ತಪ್ಪಿಸುತ್ತಿರಲಿಲ್ಲ, ಹಾಗಾಗಿ ಅವನ ಔಷಧದ ವಾರ ಶನಿವಾರ.

ಇಷ್ಟು ಸರಳವಾದದ್ದು ನನಗೆ ಏಕೆ ಹೊಳೆಯಲಿಲ್ಲ ಎಂದು ಅಲ್ಲೇ ನಿಂತು ಹಲ್ಲು ಕಡಿದೆ. ಮೆಚ್ಚುಗೆ ಬರಲಿಲ್ಲ. ನಿಜ ಹೇಳುತ್ತೇನೆ, ಬರಲೇ ಇಲ್ಲ.

ವಸಂತ ನನ್ನನ್ನು ನೋಡಿ, "ಅರೆ ಬಿರಾದಾರ, ಬಾ ಬಾ. ಕಾರ್ಡು ತಂದಿಯೇನು?" ಎಂದ. ಆಗ ನೋಡಿದೆ, ಅವನ ಮೇಜಿನ ಪಕ್ಕದ ಬೆಂಚಿನ ಮೇಲೆ ಮಾಳವ್ವ ಕುಳಿತಿದ್ದಳು, ಜೊತೆಗೆ ಅವಳ ತಾಯಿ. ಮುಖ ಇಳಿದಿತ್ತು. ಸೆರಗು ಬಾಯಿಗೆ ಒತ್ತಿ ಕೆಮ್ಮಿದಳು. ಔಷಧ ನಿಂತು ಏಳು ವಾರವಾಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ತಾಯಿ ಎದ್ದು ಬಂದಳು. "ಚೀಟಿ ಸಿಕ್ತೇನ್ರಿ ಸಾಹೇಬ್ರ? ಸಿಗಲಿ ಅಂತ ಬೀರಪ್ಪಗ ಹರಕಿ ಹೊತ್ತೀನ್ರಿ. ಇಕಿ ಹೊರಾಂಗಿಲ್ಲ ನೋಡ್ರಿ, ಇಕಿ ಮನ್ಯಾಗ ಸೂತಕ."

"ಸೂತಕ ಅಂದ್ರ?" ಎಂದೆ.

ಉತ್ತರ ಕೊಟ್ಟದ್ದು ಮಾಳವ್ವ. "ವರ್ಷತನಾ ದೇವರಿಗೆ ನಡಕೊಳ್ಳಂಗಿಲ್ರಿ. ಗಂಡ ಸತ್ತು ಆರು ತಿಂಗಳಾತು. ನಿಮಗ ಅವತ್ತ ಹೇಳಿದ್ನೆಲ್ರಿ."

"ಏನಾಗಿತ್ತು ನಿಮ್ಮ ಯಜಮಾನ್ರಿಗೆ?" ಎಂದು ವಸಂತ ಕೇಳಿದ. ನನಗೆ ಕೇಳಿಸಲೆಂದೇ ಕೇಳಿದ ಎಂದು ಈಗಲೂ ನನ್ನ ಅನುಮಾನ.

"ಕೆಮ್ಮಿ ಕೆಮ್ಮಿ ಸತ್ತರ್ರಿ."

ಹತ್ತೊಂಬತ್ತು ಜನ ನಾಸ್ತಿಕರು ಎಂದು ನಾನು ಬೀಗಿದ್ದೆನಲ್ಲ, ಅವರೆಲ್ಲ ಯಾರೆಂದು ಆ ಒಂದು ಮಾತಿಗೆ ತಿಳಿಯಿತು. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಗುಡಿಯಿಲ್ಲ, ಹರಕೆಯಿಲ್ಲ. ಇದು ನನ್ನ ತಾಯಿಯ ಮನೆಯಲ್ಲೂ ಇದ್ದ ಪದ್ಧತಿ. 'ನಡಕೋತೀರೇನು' ಎಂದು ಕೇಳಿದರೆ ಅಂಥ ಮನೆಯವರು 'ಈಗ ಇಲ್ಲ' ಎನ್ನಲೇಬೇಕು. ಜನರ ಮಾತು ಹಿಡಿದೆನೆಂದು ಹೆಮ್ಮೆಪಟ್ಟ ನಾನು ಆ ಮಾತಿನ ಅರ್ಥವನ್ನೇ ಬಿಟ್ಟಿದ್ದೆ. ಅವರ ಎದೆ ಹೆಚ್ಚು ಕೆಟ್ಟಿದ್ದು ದೇವರನ್ನು ಬಿಟ್ಟಿದ್ದಕ್ಕಲ್ಲ. ಅದೇ ರೋಗದಿಂದ ಸಾಯುತ್ತಿದ್ದವರ ಪಕ್ಕದಲ್ಲಿ, ಅದೇ ಖೋಲಿಯಲ್ಲಿ, ತಿಂಗಳುಗಟ್ಟಲೆ ಮಲಗಿದ್ದಕ್ಕೆ. ಯಾರು ಸತ್ತರು, ಏನಾಗಿ ಸತ್ತರು ಎಂದು ಒಬ್ಬರನ್ನಾದರೂ ಕೇಳಿದ್ದರೆ ಸಾಕಿತ್ತು. ವೈದ್ಯನಾದವನು ಮೊದಲು ಕೇಳಬೇಕಾದ ಪ್ರಶ್ನೆ ಅದು.

ವಸಂತ ನನ್ನನ್ನು ಒಳಗಿನ ಕೋಣೆಗೆ ಕರೆದ. ನಾನು ಕಾರ್ಡಿನ ವಿಷಯ ಹೇಳಿಬಿಟ್ಟೆ, ಅದು ಕಳೆದಿಲ್ಲ, ನನ್ನ ಡ್ರಾಯರಿನಲ್ಲಿದೆ ಎಂದು. ಅವನು, "ನನಗ ಅನಿಸಿತ್ತು. ಸಾಹೇಬರಿಗೆ ಬರದ್ರ ನಿನ್ನ ಹೆಸರು ಕೆಡತದಂತ ಸುಮ್ಮನಿದ್ದೆ. ನಿನ್ನ ಹೆಸರು ನೋಡ್ಕೋತ ನಾನೂ ಏಳು ವಾರ ಕಳದೆ. ಅದು ನನ್ನ ತಪ್ಪು" ಎಂದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ತಪ್ಪಿನಲ್ಲೂ ಪಾಲು ತೆಗೆದುಕೊಂಡು ಅವನು ನನಗಿಂತ ದೊಡ್ಡವನಾದ ಎಂದು ಆ ಗಳಿಗೆಯಲ್ಲೂ ಕರುಬಿದೆ. ಹೊಟ್ಟೆಕಿಚ್ಚಿಗೆ ನಾಚಿಕೆಯೂ ಇರುವುದಿಲ್ಲ, ಹೊತ್ತುಗೊತ್ತೂ ಇರುವುದಿಲ್ಲ.

"ನೀನು ಖರೇನ ದೇವರನ್ನ ನಂಬ್ತಿಯೇನು ವಸಂತ?" ಎಂದು ಕೇಳಿದೆ.

"ಅದನ್ನ ನಿನ್ನ ಫಾರ್ಮಿನ್ಯಾಗ ಡಾಕ್ಟರಿಗೆ ಕೇಳಿಲ್ಲಲ್ಲ. ಮೊದಲ ಕಾರ್ಡು ತಗೊಂಡು ಬಾ" ಎಂದ.

ಮಧ್ಯಾಹ್ನದ ಗಾಡಿಗೆ ಹಿಂತಿರುಗಿ ಮರುದಿನ ಬೆಳಿಗ್ಗೆ ಕಾರ್ಡು ತಂದುಕೊಟ್ಟೆ. ತಾಯಿ ಅದನ್ನು ಕಣ್ಣಿಗೊತ್ತಿಕೊಂಡು, ಬೀರಪ್ಪ ಹುಡುಕಿಕೊಟ್ಟ ಎಂದಳು. ಡ್ರಾಯರಿನ ಮಾತನ್ನು ನಾನು ಎತ್ತಲಿಲ್ಲ. ಮಾಳವ್ವನ ಕಫ ಪರೀಕ್ಷೆಯಲ್ಲಿ ಮತ್ತೆ ರೋಗಾಣು ಕಂಡವು. ಐಸೋನಿಯಾಜಿಡ್ ಇನ್ನು ಈಕೆಗೆ ಹಿಡಿಯುತ್ತದೋ ಇಲ್ಲವೋ ಎಂದು ಯಾರೂ ಹೇಳುವಂತಿರಲಿಲ್ಲ. ಇಂಜೆಕ್ಷನ್ ಸೇರಿಸಿ, ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಯಿತು.

ಸೊಲ್ಲಾಪುರದಲ್ಲಿ ನಾನು ಆ ಹತ್ತೊಂಬತ್ತು ಕಾರ್ಡುಗಳನ್ನು ಹಿಡಿದು ಮನೆಮನೆಗೆ ಹೋದೆ. ಹದಿನಾರು ಮನೆಗಳಲ್ಲಿ ವರ್ಷದೊಳಗೆ ಸಾವಾಗಿತ್ತು, ಹೆಚ್ಚಿನವು ಕೆಮ್ಮಿನಿಂದ. ಆ ಮನೆಗಳಲ್ಲಿ ಇನ್ನೂ ಕೆಲವರು ರೋಗ ಹತ್ತಿಸಿಕೊಂಡು ಕುಳಿತಿದ್ದರು, ಅವರನ್ನು ಎಳೆದು ತಂದು ಔಷಧ ಶುರು ಮಾಡಿದೆವು. ನಿಜವಾಗಿ ದೇವರನ್ನು ಬಿಟ್ಟವರು ಮೂರೇ ಮೂರು ಜನ. ಮೂವರಿಂದ ಯಾವ ಸಿದ್ಧಾಂತವನ್ನೂ ಕಟ್ಟಲಾಗದು. ಸಾಹೇಬರಿಗೆ ಎಲ್ಲವನ್ನೂ ಬರೆದುಕೊಟ್ಟೆ, ಡ್ರಾಯರಿನ ಸಂಗತಿಯನ್ನೂ. ಅವರು ಲಿಖಿತ ಎಚ್ಚರಿಕೆ ಕೊಟ್ಟು, ಫಾರ್ಮುಗಳನ್ನು ಕಟ್ಟಿ ಮೇಲಿಟ್ಟರು. ಡಿಪ್ಲೊಮಾಕ್ಕೆ ವಸಂತನ ಹೆಸರು ಹೋಯಿತು. ಅವನು ಮರಳಿ ಬರುವವರೆಗೆ ಅಕ್ಕಲಕೋಟಕ್ಕೆ ನನ್ನನ್ನು ಹಾಕಿದರು.

ಹೀಗೆ ವಸಂತನ ಕುರ್ಚಿ, ವಸಂತನ ರೋಗಿಗಳು, ವಸಂತನ ವಾರಗಳು ನನ್ನ ಪಾಲಿಗೆ ಬಂದವು. ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಕುಲಕರ್ಣಿ ಸಾಹೇಬ್ರು ಯಾವಾಗ ಬರ್ತಾರ್ರಿ?" ಪ್ರತಿಸಲವೂ ಚುಚ್ಚುತ್ತಿತ್ತು. ಆದರೂ ರವಿವಾರ ಬಾಗಿಲು ತೆಗೆಯುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಮಾಳವ್ವ ರವಿವಾರ ಬರುತ್ತಿದ್ದಳು. ಮನೆಯಲ್ಲಿ ಸೂತಕವಿದ್ದರೂ ಗುಡಿಯ ಹೊರಗೆ ನಿಂತು ಕೈಮುಗಿದು ಇಲ್ಲಿಗೆ ಬರುತ್ತಿದ್ದಳು. ನಿಧಾನವಾಗಿ ಕೆಮ್ಮು ಇಳಿಯಿತು.

ಗಂಡನ ವರ್ಷ ಮುಗಿದ ಮೇಲಿನ ಮೊದಲ ರವಿವಾರ ಹಣೆಗೆ ಭಂಡಾರ ಹಚ್ಚಿಕೊಂಡು ಬಂದಳು. ಅರ್ಧ ಹೋಳು ತೆಂಗಿನಕಾಯಿ ನನ್ನ ಕೈಗಿಟ್ಟು, "ಚೀಟಿ ಸಿಕ್ಕ ಹರಕಿ ಮುಟ್ಟಿಸಿದ್ವಿರಿ. ನಿಮ್ಮ ಹೆಸರಿನ್ಯಾಗೂ ಒಂದು ಕಾಯಿ ಒಡಿಸೀನಿ. ನೀವು ಭಾಳ ಹುಡುಕಿದ್ರಿ" ಎಂದಳು.

ಸುಮ್ಮನಿರಬಹುದಿತ್ತು. ಹೇಳಿದರೆ ಸಿಟ್ಟಾಗಿ ದವಾಖಾನೆ ಬಿಟ್ಟರೆ? ಈ ಸಲ ಔಷಧ ಬಿಟ್ಟರೆ ಆಕೆ ಉಳಿಯುವುದು ಕಷ್ಟವಿತ್ತು. ಆದರೂ ಆ ಕಾಯಿ ಹಿಡಿದುಕೊಂಡು ನಿಲ್ಲಲಾಗಲಿಲ್ಲ. "ಚೀಟಿ ಕಳದಿರಲಿಲ್ಲವ್ವ. ನನ್ನ ಕಡೀನ ಇತ್ತು. ನಾನ ಕಳಸಲಿಲ್ಲ" ಎಂದೆ.

ಆಕೆ ನನ್ನ ಮುಖ ನೋಡಿದಳು. "ಯಾಕ್ರಿ? ನಾ ಏನು ಮಾಡಿದ್ದೆ ನಿಮಗ?"

ನೀನು ಏನೂ ಮಾಡಿರಲಿಲ್ಲ, ನೀನು ವಸಂತನ ಹತ್ತಿರ ಹೋಗುತ್ತಿದ್ದೆ ಅಷ್ಟೇ, ಎಂದು ಹೇಗೆ ಹೇಳಲಿ? ಆಕೆ ಆ ವಾರದ ಗುಳಿಗೆ ತೆಗೆದುಕೊಂಡು ಹೋದಳು.

ಮುಂದಿನ ರವಿವಾರದವರೆಗಿನ ಏಳು ದಿನ ನನಗೆ ಊಟ ರುಚಿಸಲಿಲ್ಲ. ರವಿವಾರ ಹತ್ತು ಗಂಟೆಯಾದರೂ ಆಕೆ ಕಾಣಲಿಲ್ಲ. ಹನ್ನೊಂದಕ್ಕೆ ಬಂದಳು. ನಾನು ಕೊಟ್ಟ ಗುಳಿಗೆಗಳನ್ನು ಮೇಜಿನ ಮೇಲೆ ಹರವಿ ನನ್ನೆದುರೇ ಒಂದೊಂದಾಗಿ ಎಣಿಸಿದಳು. ಎಣಿಸಿ ಮುಗಿದ ಮೇಲೆ ಕೈ ಚಾಚಿ, "ನನ್ನ ಚೀಟಿ ಕೊಡ್ರಿ. ಇನ್ನ ಮ್ಯಾಲೆ ನನ್ನ ಕಡೀನ ಇರಲಿ" ಎಂದಳು.

ಪದ್ಧತಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕೊಟ್ಟೆ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಮುಂದಿನ ಒಂದೂವರೆ ವರ್ಷ ಒಂದು ರವಿವಾರವೂ ತಪ್ಪಿಸದೆ ಬಂದಳು. ಎಡ ಶ್ವಾಸಕೋಶ ಅರ್ಧ ಕೆಲಸಕ್ಕೆ ಬಾರದಂತಾಯಿತು, ಆದರೆ ಬದುಕಿದಳು. ಬಂದಾಗಲೆಲ್ಲ ಗುಳಿಗೆ ಎಣಿಸಿಕೊಳ್ಳುತ್ತಿದ್ದಳು. ವಸಂತ ಮರಳಿ ಬಂದ ಮೇಲೆ ಅವನೆದುರು ಎಣಿಸುವುದಿಲ್ಲ ಎಂದು ಅವನೇ ಒಮ್ಮೆ ಮಾತಿನ ಭರದಲ್ಲಿ ಹೇಳಿದ. ಅದನ್ನು ಕೇಳಿ ಆದ ಉರಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ದೇವರ ಮೇಲಿನ ನಂಬಿಕೆಗೂ ಆರೋಗ್ಯಕ್ಕೂ ಏನು ಸಂಬಂಧವೆಂದು ನನ್ನನ್ನು ಆಮೇಲೂ ಅನೇಕರು ಕೇಳಿದ್ದಾರೆ. ನನಗೆ ಗೊತ್ತಿಲ್ಲ. ನಾನು ಇಂದಿಗೂ ಗುಡಿಗೆ ಹೋಗುವವನಲ್ಲ. ರೋಗಿ ಡಾಕ್ಟರನನ್ನು ನಂಬುತ್ತಾನೆ ಎಂಬುದು ಮಾತ್ರ ಗೊತ್ತು, ಡಾಕ್ಟರ ಅದಕ್ಕೆ ಯೋಗ್ಯನಾಗಿದ್ದರೂ, ಇಲ್ಲದಿದ್ದರೂ. ಹೊಟ್ಟೆಕಿಚ್ಚು ನನ್ನನ್ನು ಬಿಟ್ಟು ಹೋಗಲಿಲ್ಲ, ಹೋಗುವ ಲಕ್ಷಣವೂ ಇಲ್ಲ. ಆದ್ದರಿಂದ ಅಕ್ಕಲಕೋಟದ ನಂತರ ನಾನು ಕೆಲಸ ಮಾಡಿದ ಪ್ರತಿ ದವಾಖಾನೆಯಲ್ಲೂ, ಮೇಲಿನವರು ಒಪ್ಪಲಿ ಬಿಡಲಿ, ರೋಗಿಯ ಕಾರ್ಡನ್ನು ರೋಗಿಯ ಕೈಗೇ ಕೊಟ್ಟು ಕಳಿಸಿದೆ.